ಕತ್ತಿಗೆ ಬಲಿಯಾದ ಯಾಕೋಬ, ಸೆರೆಯಿಂದ ಹೊರಬಂದ ಪೇತ್ರ: ಕಾವಲು ದೂತರ ನಂಬಿಕೆಯ ಕುರಿತು

ಕಾವಲು ದೂತರ ವಿಷಯವಾಗಿ ಮಾತನಾಡುವವರು ಸಾಮಾನ್ಯವಾಗಿ ತೊಂಬತ್ತೊಂದನೆಯ ಕೀರ್ತನೆಯಿಂದ ಆರಂಭಿಸುತ್ತಾರೆ. ಅಲ್ಲಿಗೆ ನಾವೂ ಹೋಗಲಿದ್ದೇವೆ. ಆದರೆ ಅದಕ್ಕೆ ಮೊದಲು ಅಪೊಸ್ತಲರ ಕೃತ್ಯಗಳ ಹನ್ನೆರಡನೆಯ ಅಧ್ಯಾಯವನ್ನು ತೆರೆಯೋಣ. ಈ ಅಧ್ಯಾಯವನ್ನು ಓದಿಕೊಂಡು ಹೋದವರಿಗೆ, ದೂತರು ನಿನ್ನನ್ನು ಕಾಯುವರು ಎಂಬ ಆ ಕೀರ್ತನೆಯ ಭರವಸೆ ಬೇರೆಯೇ ರೀತಿಯಲ್ಲಿ ಕೇಳಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಅಧ್ಯಾಯ ತೆರೆದುಕೊಳ್ಳುವುದೇ ಒಂದು ಸಾವಿನೊಂದಿಗೆ. ಅರಸನಾಗಿದ್ದ ಹೆರೋದ ಅಗ್ರಿಪ್ಪನು ಯೋಹಾನನ ಸಹೋದರನಾದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದನು. ಈ ಯಾಕೋಬ ಸಾಮಾನ್ಯನಲ್ಲ. ಯಾಯೀರನ ಮಗಳನ್ನು ಎಬ್ಬಿಸಿದ ಕೋಣೆಗೆ, ರೂಪಾಂತರದ ಬೆಟ್ಟಕ್ಕೆ, ಗೆತ್ಸೇಮನೆ ತೋಟದ ಒಳಭಾಗಕ್ಕೆ ಯೇಸು ತಮ್ಮ ಜೊತೆ ಕರೆದುಕೊಂಡು ಹೋದ ಮೂವರಲ್ಲಿ ಅವನೂ ಒಬ್ಬ. ಅಂಥವನ ಮರಣಕ್ಕೆ ಈ ಪುಸ್ತಕವನ್ನು ಬರೆದ ಲೂಕನು ಮೀಸಲಿಟ್ಟಿರುವುದು ಒಂದೇ ಒಂದು ವಾಕ್ಯ. ಅವನಿಗಾಗಿ ಸಭೆ ಪ್ರಾರ್ಥಿಸಿತೇ, ಅವನು ಕೊನೆಗೆ ಏನು ಹೇಳಿದ, ದೂತನು ಯಾಕೆ ಬರಲಿಲ್ಲ ಎಂಬುದರ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ.

ಮರುವಾಕ್ಯದಿಂದಲೇ ಪೇತ್ರನ ಕಥೆ ಆರಂಭವಾಗುತ್ತದೆ, ಮತ್ತು ಇಲ್ಲಿ ಲೂಕನು ಕೈ ಬಿಚ್ಚಿ ಬರೆಯುತ್ತಾನೆ. ನಾಲ್ಕು ನಾಲ್ಕು ಮಂದಿಯ ನಾಲ್ಕು ತಂಡ, ಅಂದರೆ ಹದಿನಾರು ಸಿಪಾಯಿಗಳು ಕಾವಲಿಗೆ, ಎರಡು ಸರಪಣಿ, ಬಲಕ್ಕೊಬ್ಬ ಎಡಕ್ಕೊಬ್ಬ ಸಿಪಾಯಿ, ಬಾಗಿಲಲ್ಲಿ ಮತ್ತೆ ಪಹರೆ. ಬೆಳಗಾದರೆ ವಿಚಾರಣೆ, ಅದರ ತೀರ್ಪು ಏನೆಂಬುದು ಎಲ್ಲರಿಗೂ ಗೊತ್ತು. ಅಂಥ ರಾತ್ರಿಯಲ್ಲಿ ಪೇತ್ರ ಎಷ್ಟು ಗಾಢವಾಗಿ ಮಲಗಿದ್ದನೆಂದರೆ, ಸೆರೆಮನೆಯ ಕೋಣೆ ಬೆಳಕಿನಿಂದ ತುಂಬಿದರೂ ಅವನಿಗೆ ಎಚ್ಚರವಾಗಲಿಲ್ಲ. ದೂತನು ಪಕ್ಕೆಗೆ ತಟ್ಟಿ ಎಬ್ಬಿಸಬೇಕಾಯಿತು. ಸರಪಣಿಗಳು ಕಳಚಿ ಬಿದ್ದವು. ಆಮೇಲೆ ಬರುವ ಅಪ್ಪಣೆಗಳನ್ನು ಗಮನಿಸಿ: ನಡುವಿಗೆ ಪಟ್ಟಿ ಕಟ್ಟಿಕೋ, ಕೆರ ಮೆಟ್ಟಿಕೋ, ಮೇಲಂಗಿ ಹೊದ್ದುಕೋ, ನನ್ನ ಹಿಂದೆ ಬಾ. ಸರಪಣಿಯನ್ನು ಬೀಳಿಸಿದವನಿಗೆ ಕೆರ ಮೆಟ್ಟಿಸುವುದು ಕಷ್ಟವಾಗುತ್ತಿರಲಿಲ್ಲ, ಆದರೂ ಪೇತ್ರ ಮಾಡಿಕೊಳ್ಳಬಹುದಾದುದನ್ನು ದೂತನು ಪೇತ್ರನಿಗೇ ಬಿಟ್ಟನು. ಕಬ್ಬಿಣದ ಬಾಗಿಲು ತಾನಾಗಿ ತೆರೆಯಿತು. ಇಬ್ಬರೂ ಒಂದು ಬೀದಿ ದಾಟಿದರು. ದೂತನು ಅಲ್ಲಿಂದ ಹೊರಟುಹೋದನು. ಮುಂದಿನ ದಾರಿ ಪೇತ್ರನಿಗೆ ಗೊತ್ತಿತ್ತು.

ಅವನು ಹೋದದ್ದು ಮಾರ್ಕನೆನಿಸಿಕೊಂಡ ಯೋಹಾನನ ತಾಯಿ ಮರಿಯಳ ಮನೆಗೆ. ಅಲ್ಲಿ ಅನೇಕರು ಸೇರಿ ಇವನಿಗಾಗಿಯೇ ಪ್ರಾರ್ಥಿಸುತ್ತಿದ್ದರು. ತಲೆಬಾಗಿಲು ತಟ್ಟಿದ ಸದ್ದಿಗೆ ರೋದೆ ಎಂಬ ಸೇವಕಿ ಬಂದಳು, ದನಿಯಿಂದಲೇ ಗುರುತು ಹಿಡಿದಳು, ಆದರೆ ಸಂತೋಷದಲ್ಲಿ ಬಾಗಿಲು ತೆರೆಯುವುದನ್ನೇ ಮರೆತು ಒಳಗೆ ಓಡಿದಳು. ಪೇತ್ರ ಬಂದಿದ್ದಾನೆ ಎಂದಾಗ, ನಿನಗೆ ಹುಚ್ಚು ಹಿಡಿದಿದೆ ಎಂದರು. ಅವಳು ಪಟ್ಟು ಹಿಡಿದಾಗ, ಹಾಗಾದರೆ ಅದು ಅವನ ದೂತನಾಗಿರಬೇಕು ಎಂದರು. ತಾವು ಬೇಡುತ್ತಿದ್ದುದೇ ಬಾಗಿಲಿಗೆ ಬಂದು ನಿಂತಿದೆ ಎಂದು ನಂಬುವುದಕ್ಕಿಂತ ದೇವದೂತನೊಬ್ಬ ಬಂದಿದ್ದಾನೆ ಎಂದು ನಂಬುವುದು ಅವರಿಗೆ ಸುಲಭವಾಗಿತ್ತು! ಪ್ರಾರ್ಥನಾಕೂಟಗಳ ಬಗ್ಗೆ ಇಷ್ಟು ಪ್ರಾಮಾಣಿಕವಾದ ವರದಿ ಧರ್ಮಗ್ರಂಥಗಳಲ್ಲಿ ಅಪರೂಪವೆಂದೇ ಹೇಳಬೇಕು.

ಅವನ ದೂತ ಎಂಬ ಆ ಒಂದು ಮಾತು ನಮ್ಮ ವಿಷಯಕ್ಕೆ ಮುಖ್ಯವಾದದ್ದು. ಪ್ರತಿಯೊಬ್ಬನಿಗೂ ಅವನದೇ ಆದ ಒಬ್ಬ ದೂತನಿದ್ದಾನೆ, ಆ ದೂತನ ದನಿ ಅವನ ದನಿಯಂತೆಯೇ ಇರಬಹುದು ಎಂಬ ಕಲ್ಪನೆ ಯೆರೂಸಲೇಮಿನ ಮೊದಲ ಕ್ರೈಸ್ತರಲ್ಲಿ ಇತ್ತು ಎಂಬುದಕ್ಕೆ ಇದು ಸಾಕ್ಷಿ. ಅದು ಸರಿಯೆಂದಾಗಲಿ ತಪ್ಪೆಂದಾಗಲಿ ಲೂಕನು ಹೇಳುವುದಿಲ್ಲ. ಅವರು ಹಾಗೆಂದರು ಎಂದಷ್ಟೇ ದಾಖಲಿಸುತ್ತಾನೆ. ಇದೊಂದನ್ನೇ ಆಧಾರವಾಗಿ ಹಿಡಿದು ಸಿದ್ಧಾಂತ ಕಟ್ಟುವುದು ಕಷ್ಟ.

ಆಧಾರವಾಗಿ ನಿಲ್ಲುವ ವಚನವಿರುವುದು ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ. ಶಿಷ್ಯರು, ಪರಲೋಕರಾಜ್ಯದಲ್ಲಿ ಯಾರು ದೊಡ್ಡವರು ಎಂದು ಕೇಳಿದಾಗ ಯೇಸು ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸುತ್ತಾರೆ. ಆ ಮಾತು ಮುಂದುವರಿದು ಹತ್ತನೆಯ ವಚನಕ್ಕೆ ಬರುತ್ತದೆ: ಈ ಚಿಕ್ಕವರಲ್ಲಿ ಒಬ್ಬನನ್ನಾದರೂ ತಾತ್ಸಾರ ಮಾಡಬೇಡಿರಿ, ಇವರ ದೂತರು ಪರಲೋಕದಲ್ಲಿರುವ ನನ್ನ ತಂದೆಯ ಮುಖವನ್ನು ಸದಾ ನೋಡುತ್ತಿರುತ್ತಾರೆ. ಅರಸನ ಮುಖವನ್ನು ನೋಡುವ ಹಕ್ಕು ಆ ಕಾಲದ ಅರಮನೆಗಳಲ್ಲಿ ಎಲ್ಲರಿಗೂ ಇರಲಿಲ್ಲ. ಬೇಕೆಂದಾಗ ಸನ್ನಿಧಿಗೆ ಹೋಗಿ ಅಹವಾಲು ಹೇಳಬಲ್ಲ ಕೆಲವರಿಗೆ ಮಾತ್ರ ಅದು ಸಲ್ಲುತ್ತಿತ್ತು. ಸಮಾಜ ಲೆಕ್ಕಕ್ಕೇ ತೆಗೆದುಕೊಳ್ಳದ ಚಿಕ್ಕವರಿಗೆ ಪರಲೋಕದಲ್ಲಿ ಇರುವುದು ಅಂಥ ದೂತರು ಎಂಬುದು ಈ ಮಾತಿನ ಭಾರ.

ಈ ವಚನವನ್ನು ನಾವು ಹೇಗೆ ಬಳಸುತ್ತೇವೆ ಎಂಬುದನ್ನು ಸ್ವಲ್ಪ ಯೋಚಿಸಬೇಕು. ತೊಟ್ಟಿಲ ಮೇಲಿನ ಚಿತ್ರಗಳಲ್ಲಿ, ಮಕ್ಕಳ ಪ್ರಾರ್ಥನಾ ಪುಸ್ತಕಗಳಲ್ಲಿ, ಶುಭಾಶಯ ಪತ್ರಗಳಲ್ಲಿ ಇದು ಸಾಂತ್ವನದ ಮಾತಾಗಿ ಬರುತ್ತದೆ. ಆದರೆ ಯೇಸು ಇದನ್ನು ಹೇಳಿದ್ದು ಮಗುವಿಗಲ್ಲ. ದೊಡ್ಡಸ್ತಿಕೆಗಾಗಿ ಜಗಳವಾಡುತ್ತಿದ್ದ ಶಿಷ್ಯರಿಗೆ, ಅದೂ ಎಚ್ಚರಿಕೆಯಾಗಿ. ಚಿಕ್ಕವರನ್ನು ಪಾಪಕ್ಕೆ ಬೀಳಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಲೇಸು ಎಂಬ ಭಯಂಕರ ಮಾತು ಬರುವುದು ಇದೇ ಅಧ್ಯಾಯದಲ್ಲಿ. ಕಾವಲು ದೂತರ ಬಗ್ಗೆ ಸುವಾರ್ತೆಯಲ್ಲಿರುವ ಅತ್ಯಂತ ಸ್ಪಷ್ಟವಾದ ವಾಕ್ಯವು ಚಿಕ್ಕವರನ್ನು ಕಾಯುವುದು ನಮ್ಮಿಂದಲೇ, ಅಂದರೆ ದೊಡ್ಡವರಿಂದ, ಧಾರ್ಮಿಕರಿಂದ, ಸಭೆಯ ಮುಂದಿನ ಸಾಲಿನಲ್ಲಿ ಕುಳಿತವರಿಂದ. ಮಕ್ಕಳ ಮೇಲಿನ ದೌರ್ಜನ್ಯವನ್ನು ಸಭೆಯ ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಡುವವರು ಈ ವಚನವನ್ನು ನಿಧಾನವಾಗಿ ಓದಬೇಕು. ಅವರು ತಾತ್ಸಾರ ಮಾಡಿದ ಪ್ರತಿಯೊಂದು ಮಗುವಿನ ಪರವಾಗಿ ಸನ್ನಿಧಿಯಲ್ಲಿ ಆಗಲೇ ಒಬ್ಬ ನಿಂತಿದ್ದಾನೆ.

ಈ ಎರಡು ವಾಕ್ಯಗಳಿಂದ ಮುಂದಿನ ಶತಮಾನಗಳು ಬೆಳೆಸಿದ್ದನ್ನು ಬೇಗನೆ ನೋಡಿಬಿಡೋಣ. ಎರಡನೆಯ ಶತಮಾನದ ಹೆರ್ಮಸನ ಬರಹದಲ್ಲಿ ಪ್ರತಿ ಮನುಷ್ಯನ ಜೊತೆಗೂ ಇಬ್ಬರು ದೂತರಿದ್ದಾರೆ, ನೀತಿಯವನೊಬ್ಬ, ದುಷ್ಟತನದವನೊಬ್ಬ. ನಾಲ್ಕನೆಯ ಶತಮಾನದಲ್ಲಿ ಕೈಸರೈಯದ ಬೆಸಿಲರು ಪ್ರತಿಯೊಬ್ಬ ವಿಶ್ವಾಸಿಯ ಪಕ್ಕದಲ್ಲಿಯೂ ಪಾಲಕನಂತೆ, ಕುರುಬನಂತೆ ಅವನನ್ನು ಜೀವದ ಕಡೆಗೆ ನಡೆಸುವ ಒಬ್ಬ ದೂತನಿದ್ದಾನೆ ಎಂದು ಬರೆದರು; 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಈ ಮಾತನ್ನು ಉದ್ಧರಿಸುತ್ತದೆ. ಪೋಪ್ ಐದನೆಯ ಪೌಲರು 1608ರಲ್ಲಿ ಕಾವಲು ದೂತರ ಹಬ್ಬಕ್ಕೆ ರೋಮಿನ ಪಂಚಾಂಗದಲ್ಲಿ ಸ್ಥಾನ ಕೊಟ್ಟರು, 1670ರಲ್ಲಿ ಹತ್ತನೆಯ ಕ್ಲೆಮೆಂಟರು ಅದನ್ನು ಅಕ್ಟೋಬರ್ 2ಕ್ಕೆ ನಿಲ್ಲಿಸಿದರು. ಆರ್ಥಡಾಕ್ಸ್ ಸಭೆಗಳ ಪೂಜಾವಿಧಿಯಲ್ಲಿ ಇಂದಿಗೂ, ಸಮಾಧಾನದ ದೂತನನ್ನು, ನಂಬಿಗಸ್ತನಾದ ಮಾರ್ಗದರ್ಶಿಯನ್ನು, ನಮ್ಮ ಆತ್ಮ ಶರೀರಗಳ ಕಾವಲುಗಾರನನ್ನು ದಯಪಾಲಿಸು ಎಂದು ಕರ್ತನನ್ನು ಬೇಡುತ್ತಾರೆ.

ಹದಿಮೂರನೆಯ ಶತಮಾನದ ತೋಮಸ್ ಅಕ್ವಿನಾಸರ ಬಳಿ ಮಾತ್ರ ತುಸು ನಿಲ್ಲಬೇಕು. ಕಾವಲು ದೂತ ಯಾವಾಗಿನಿಂದ ಜೊತೆಗಿರುತ್ತಾನೆ, ದೀಕ್ಷಾಸ್ನಾನದಿಂದಲೋ ಹುಟ್ಟಿನಿಂದಲೋ ಎಂದು ಅವರು ಕೇಳುತ್ತಾರೆ. ಕ್ರೈಸ್ತನೆಂಬ ಕಾರಣಕ್ಕೆ ಸಿಗುವ ವರಗಳು ದೀಕ್ಷಾಸ್ನಾನದಿಂದ ಆರಂಭವಾಗುತ್ತವೆ, ಮನುಷ್ಯನೆಂಬ ಕಾರಣಕ್ಕೆ ಸಿಗುವವು ಹುಟ್ಟಿನಿಂದ. ದೂತನ ಕಾವಲು ಎರಡನೆಯ ಬಗೆಯದು ಎಂಬುದು ಅವರ ಉತ್ತರ. ಹಾಗಾದರೆ ಕ್ರಿಸ್ತನನ್ನು ಅರಿಯದವನಿಗೂ, ನಂಬದವನಿಗೂ, ಅಷ್ಟೇ ಏಕೆ, ಕಡೆಯ ಕಾಲದಲ್ಲಿ ಬರುವನೆನ್ನಲಾದ ಕ್ರಿಸ್ತವಿರೋಧಿಗೂ ಕಾವಲಿದೆ ಎಂದು ಅವರು ಅಳುಕದೆ ಹೇಳುತ್ತಾರೆ. ಅಕ್ವಿನಾಸರ ಪ್ರಕಾರ ಮನುಷ್ಯನಿಗೆ ಕಾವಲು ಬೇಕಾಗಿರುವುದು ಅವನು ದಾರಿಯಲ್ಲಿ ಇರುವುದರಿಂದ, ಆ ದಾರಿ ಒಳಗಿನ ಹೊರಗಿನ ಅಪಾಯಗಳಿಂದ ತುಂಬಿರುವುದರಿಂದ. ತಲುಪಿದ ಮೇಲೆ ಕಾವಲುಗಾರ ಬೇಕಿಲ್ಲ, ಆಗ ದೂತನು ಜೊತೆಯಲ್ಲಿ ಆಳುವವನಾಗುತ್ತಾನೆ. ದಾರಿಗೂ ಕಾವಲಿಗೂ ಇರುವ ಈ ಸಂಬಂಧವನ್ನು ನೆನಪಿನಲ್ಲಿಟ್ಟುಕೊಳ್ಳಿ.

ಹದಿನಾರನೆಯ ಶತಮಾನದ ಪ್ರೊಟೆಸ್ಟಂಟ್ ಸುಧಾರಕರಲ್ಲಿ ಕ್ಯಾಲ್ವಿನರು ಹೆಚ್ಚು ಬಿಗಿ. ಒಬ್ಬೊಬ್ಬನಿಗೂ ಒಬ್ಬೊಬ್ಬ ದೂತನೆಂದು ನಿಶ್ಚಯವಾಗಿ ಹೇಳುವ ಧೈರ್ಯ ತಮಗಿಲ್ಲ ಎಂದರು. ಪರಲೋಕದ ಸೈನ್ಯವೆಲ್ಲ ತನ್ನ ಕ್ಷೇಮಕ್ಕಾಗಿ ಎಚ್ಚರವಾಗಿದೆ ಎಂಬುದು ಒಬ್ಬನಿಗೆ ಸಾಲದಾದರೆ, ತನಗೆಂದೇ ಒಬ್ಬ ದೂತನಿದ್ದಾನೆ ಎಂದು ತಿಳಿದು ಅವನಿಗೆ ಆಗುವ ಲಾಭವೇನು ಎಂಬುದು ಅವರ ಪ್ರಶ್ನೆ. ಪ್ರಶ್ನೆ ಚುರುಕಾಗಿದೆ, ಒಪ್ಪಬೇಕು. ಆದರೂ ಮನುಷ್ಯನ ಮನಸ್ಸು ಸೈನ್ಯಕ್ಕಿಂತ ಸಂಗಾತಿಯನ್ನು ಬಯಸುತ್ತದೆ ಎಂಬುದನ್ನು ಅವರು ಅಷ್ಟಾಗಿ ಗಣಿಸಲಿಲ್ಲವೇನೋ.

ಇಲ್ಲಿ ಒಂದು ಉಪಮಾತು. ತಮ್ಮ ಕಾವಲು ದೂತನ ಹೆಸರೇನು ಎಂದು ತಿಳಿಯುವ ಕುತೂಹಲ ಕೆಲವರಿಗಿರುತ್ತದೆ, ಹೆಸರು ತಿಳಿಸಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಈ ರೋಗ ಹಳೆಯದು. ಅಪರಿಚಿತ ದೂತರ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದ ಆಲ್ಡೆಬರ್ಟ್ ಎಂಬಾತನನ್ನು 745ರಲ್ಲಿ ರೋಮಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ ಖಂಡಿಸಿತು. ಮೀಕಾಯೇಲ, ಗಬ್ರಿಯೇಲ, ರಫಾಯೇಲ ಎಂಬ ಮೂರು ಹೆಸರುಗಳ ಹೊರತು ದೂತರಿಗೆ ಹೆಸರಿಡುವ ಪದ್ಧತಿಯನ್ನು ಪ್ರೋತ್ಸಾಹಿಸಬಾರದೆಂದು 2001ರ ವ್ಯಾಟಿಕನ್ ಮಾರ್ಗದರ್ಶಿಯೂ ಹೇಳುತ್ತದೆ. ಹೆಸರು ಗೊತ್ತಿದ್ದರೆ ಕರೆದಾಗ ಬರುತ್ತಾನೆ, ಹೇಳಿದ್ದನ್ನು ಮಾಡುತ್ತಾನೆ ಎಂಬ ಆಸೆ ಇದರ ಹಿಂದಿದೆ. ದೂತರು ಅಪ್ಪಣೆ ಪಡೆಯುವುದು ದೇವರಿಂದ, ನಮ್ಮಿಂದಲ್ಲ.

ಈಗ ತೊಂಬತ್ತೊಂದನೆಯ ಕೀರ್ತನೆಗೆ ಬರೋಣ. ನಿನ್ನ ಎಲ್ಲ ಮಾರ್ಗಗಳಲ್ಲಿ ನಿನ್ನನ್ನು ಕಾಯುವುದಕ್ಕೆ ದೇವರು ತನ್ನ ದೂತರಿಗೆ ಅಪ್ಪಣೆ ಕೊಡುವನು, ನಿನ್ನ ಕಾಲು ಕಲ್ಲಿಗೆ ತಗಲದಂತೆ ಅವರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರು. ಬೇಡನ ಬಲೆ, ಹಗಲಲ್ಲಿ ಹಾರುವ ಬಾಣ, ಕತ್ತಲೆಯಲ್ಲಿ ತಿರುಗುವ ವ್ಯಾಧಿ, ಎಲ್ಲವೂ ಈ ಕೀರ್ತನೆಯಲ್ಲಿ ಬರುತ್ತವೆ. ಇದನ್ನು ಹಾಳೆಯ ಮೇಲೆ ಬರೆದು ತಾಯಿತದಂತೆ ಕಟ್ಟಿಕೊಳ್ಳುವ ರೂಢಿ ಪ್ರಾಚೀನ ಈಜಿಪ್ಟಿನ ಕ್ರೈಸ್ತರಲ್ಲಿಯೇ ಇತ್ತು, ಅಂಥ ಪಪೈರಸ್ ತುಣುಕುಗಳು ಸಿಕ್ಕಿವೆ. ಮಾತಿಗೆ ಅಂಥ ಆಕರ್ಷಣೆಯಿದೆ.

ಆದರೆ ಹೊಸ ಒಡಂಬಡಿಕೆಯಲ್ಲಿ ಈ ವಚನವನ್ನು ಬಾಯಿಬಿಟ್ಟು ಉದ್ಧರಿಸುವವನು ಯಾರು? ಸೈತಾನ. ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದ ಯೇಸುವನ್ನು ಅವನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ನೀನು ದೇವರ ಮಗನಾಗಿದ್ದರೆ ಕೆಳಕ್ಕೆ ಧುಮುಕು, ನಿನಗಾಗಿ ತನ್ನ ದೂತರಿಗೆ ಅಪ್ಪಣೆ ಕೊಡುವನು ಎಂದು ಬರೆದಿದೆಯಲ್ಲ ಎನ್ನುತ್ತಾನೆ. ಅವನು ಉದ್ಧರಿಸುವಾಗ, ನಿನ್ನ ಎಲ್ಲ ಮಾರ್ಗಗಳಲ್ಲಿ ಎಂಬ ಭಾಗ ಬಿಟ್ಟುಹೋಗಿದೆ. ಕ್ಲೆರ್ವೋ ಮಠದ ಬೆರ್ನಾರ್ಡರು 1139ರ ತಪಸ್ಸು ಕಾಲದಲ್ಲಿ ತಮ್ಮ ಸನ್ಯಾಸಿಗಳಿಗೆ ಈ ಒಂದೇ ಕೀರ್ತನೆಯ ಮೇಲೆ ಹದಿನೇಳು ಪ್ರವಚನಗಳನ್ನು ಕೊಟ್ಟರು. ಬಿಟ್ಟುಹೋದ ಈ ಭಾಗ ಅವರ ಕಣ್ಣಿಗೆ ತಪ್ಪಲಿಲ್ಲ. ಶಿಖರದಿಂದ ಧುಮುಕುವುದು ಯಾವ ಮಾರ್ಗ, ಅದು ಬೀಳುವುದು ಮಾತ್ರ ಎಂಬುದು ಅವರ ವ್ಯಾಖ್ಯಾನದ ತಿರುಳು. ಕಾವಲಿರುವುದು ನಡೆಯಬೇಕಾದ ದಾರಿಯಲ್ಲಿ ನಡೆಯುವವನಿಗೆ. ಕಾವಲು ನಿಜವಾಗಿಯೂ ಇದೆಯೇ ಎಂದು ನೋಡಲು ಪ್ರಪಾತಕ್ಕೆ ಹಾರುವವನಿಗೆ ಯಾವ ವಾಗ್ದಾನವೂ ಇಲ್ಲ. ಯೇಸುವಿನ ಉತ್ತರವೂ ಅದೇ: ನಿನ್ನ ದೇವರಾದ ಕರ್ತನನ್ನು ಪರೀಕ್ಷಿಸಬಾರದು.

ಇದನ್ನು ನೇರವಾಗಿ ಹೇಳುತ್ತೇನೆ, ಕೆಲವರಿಗೆ ಬೇಸರವಾಗಬಹುದು. ದೇವರು ಕಾಯುತ್ತಾನೆ ಎಂದು ಔಷಧಿಯನ್ನು ನಿಲ್ಲಿಸುವುದು, ಕಾಯಿಲೆ ಹರಡುತ್ತಿರುವಾಗ ದೂತರ ಕಾವಲಿದೆ ಎಂದು ಎಚ್ಚರಿಕೆಗಳನ್ನು ಗಾಳಿಗೆ ತೂರುವುದು, ತಾನು ಮಾತ್ರವಲ್ಲದೆ ತನ್ನ ಮಕ್ಕಳನ್ನೂ ಅಂಥ ಅಪಾಯಕ್ಕೆ ಒಡ್ಡುವುದು ವಿಶ್ವಾಸದ ಲಕ್ಷಣವಲ್ಲ. ಅದು ದೇವಾಲಯದ ಶಿಖರದ ಮೇಲೆ ಕೇಳಿಬಂದ ಸಲಹೆ. ಅದನ್ನು ಕೊಟ್ಟವನು ಯಾರೆಂದು ಮತ್ತಾಯನೂ ಲೂಕನೂ ಸ್ಪಷ್ಟವಾಗಿ ಬರೆದಿದ್ದಾರೆ. ಯೇಸು ಧುಮುಕಲಿಲ್ಲ, ಹಾಗೆ ಧುಮುಕದೆ ಶೋಧನೆಯನ್ನು ಮುಗಿಸಿದ ಮೇಲೆ ದೂತರು ಬಂದು ಅವರ ಸೇವೆ ಮಾಡಿದರು ಎಂದು ಮತ್ತಾಯನು ಸೇರಿಸುತ್ತಾನೆ.

ಹಾಗಾದರೆ ದೂತರು ಬಂದಾಗ ಏನು ಮಾಡುತ್ತಾರೆ? ಸತ್ಯವೇದದಲ್ಲಿ ಇದಕ್ಕೆ ಸಿಗುವ ಉತ್ತರಗಳು ನಾವು ಎದುರುನೋಡುವಂತೆ ಇರುವುದಿಲ್ಲ. ಎಲೀಯನನ್ನು ನೋಡಿ. ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡಿದ ಪ್ರವಾದಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣವನ್ನು ತೆಗೆದುಬಿಡು ಎಂದು ಬೇಡಿಕೊಂಡು ನಿದ್ದೆಹೋಗುತ್ತಾನೆ. ದೂತನು ಬಂದು ಅವನನ್ನು ಮುಟ್ಟಿ, ಎದ್ದು ಊಟಮಾಡು ಎನ್ನುತ್ತಾನೆ. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದು ಕುಡಿದು ಅವನು ಮತ್ತೆ ಮಲಗುತ್ತಾನೆ. ದೂತನು ಗದರಿಸುವುದಿಲ್ಲ, ನಿನ್ನ ವಿಶ್ವಾಸ ಎಲ್ಲಿ ಹೋಯಿತು ಎಂದು ಕೇಳುವುದಿಲ್ಲ. ಎರಡನೆಯ ಸಲ ಬಂದು ಮುಟ್ಟಿ, ಎದ್ದು ಊಟಮಾಡು, ದಾರಿ ನಿನ್ನ ಶಕ್ತಿಗೆ ಮೀರಿದ್ದು ಎನ್ನುತ್ತಾನೆ. ಈಜೆಬೆಲಳ ಬೆದರಿಕೆ ಹಾಗೆಯೇ ಉಳಿಯಿತು. ಹೋರೇಬ್ ಬೆಟ್ಟದವರೆಗಿನ ನಲವತ್ತು ದಿನಗಳ ನಡಿಗೆ ಒಂದು ಹೆಜ್ಜೆಯೂ ಕಡಿಮೆಯಾಗಲಿಲ್ಲ. ನಡೆಯುವುದಕ್ಕೆ ಬೇಕಾದ ಅನ್ನ ಮಾತ್ರ ಸಿಕ್ಕಿತು. ಬದುಕು ಬೇಡವೆಂದು ಮಲಗಿದವರ ಬಳಿಗೆ ಹೋಗುವ ನಾವು ಉಪದೇಶ ಶುರುಮಾಡುವ ಮೊದಲು ಈ ದೂತನ ಕ್ರಮವನ್ನು ಕಲಿಯಬಹುದು.

ಗೆತ್ಸೇಮನೆಯಲ್ಲಿಯೂ ಅಷ್ಟೇ. ಈ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂದು ಯೇಸು ಪ್ರಾರ್ಥಿಸಿದಾಗ ಪರಲೋಕದಿಂದ ಒಬ್ಬ ದೂತನು ಕಾಣಿಸಿಕೊಂಡು ಅವರನ್ನು ಬಲಪಡಿಸಿದನೆಂದು ಲೂಕನ ಸುವಾರ್ತೆ ಹೇಳುತ್ತದೆ. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಈ ವಾಕ್ಯವಿಲ್ಲ ಎಂಬುದನ್ನೂ ಹೇಳಬೇಕು. ಪಾತ್ರೆ ತೊಲಗಲಿಲ್ಲ, ಅದನ್ನು ಕುಡಿಯುವ ಬಲ ಬಂದಿತು. ಅದೇ ರಾತ್ರಿ, ಕತ್ತಿ ಹಿರಿದ ಶಿಷ್ಯನಿಗೆ, ನಾನು ಕೇಳಿಕೊಂಡರೆ ನನ್ನ ತಂದೆ ಹನ್ನೆರಡು ಗಣಗಳಿಗಿಂತ ಹೆಚ್ಚು ದೂತರನ್ನು ಈಗಲೇ ಕಳುಹಿಸಿಕೊಡುವುದಿಲ್ಲವೇ ಎಂದು ಯೇಸು ಕೇಳಿದರು. ರೋಮಿನ ಒಂದು ಗಣವೆಂದರೆ ಐದಾರು ಸಾವಿರ ಸೈನಿಕರು. ಕೇಳಿದರೆ ಬರುತ್ತಿತ್ತು, ಅವರು ಕೇಳಲಿಲ್ಲ. ರಕ್ಷಣೆಯನ್ನು ಬೇಡುವ ಹಕ್ಕಿದ್ದೂ ಬೇಡದೆ ನಿಂತವರನ್ನು ನಾವು ಹಿಂಬಾಲಿಸುತ್ತಿದ್ದೇವೆ ಎಂಬುದು ಈ ವಿಷಯದ ಯಾವ ಚರ್ಚೆಯಲ್ಲಿಯೂ ಮರೆಯಾಗಬಾರದು.

ಪೌಲನ ಹಡಗಿನ ಪ್ರಸಂಗ ಇನ್ನೂ ಸ್ವಾರಸ್ಯಕರ. ಅಪೊಸ್ತಲರ ಕೃತ್ಯಗಳ ಇಪ್ಪತ್ತೇಳನೆಯ ಅಧ್ಯಾಯವನ್ನು ಮನೆಗೆ ಹೋಗಿ ಒಮ್ಮೆ ಪೂರ್ತಿಯಾಗಿ ಓದಿ. ಸಮುದ್ರಯಾನದ ಇಷ್ಟು ವಿವರವಾದ ವರ್ಣನೆ ಸತ್ಯವೇದದಲ್ಲಿ ಬೇರೆಲ್ಲೂ ಇಲ್ಲ. ಕೈದಿಯಾಗಿ ರೋಮಿಗೆ ಹೋಗುತ್ತಿದ್ದ ಪೌಲನ ಹಡಗು ಬಿರುಗಾಳಿಗೆ ಸಿಕ್ಕಿದೆ. ಸರಕನ್ನು ಹೊರಗೆಸೆದರು, ಹಡಗಿನ ಸಲಕರಣೆಗಳನ್ನೂ ಎಸೆದರು, ಬಹುದಿನ ಸೂರ್ಯನಾಗಲಿ ನಕ್ಷತ್ರಗಳಾಗಲಿ ಕಾಣಲಿಲ್ಲ. ಆಗ ಪೌಲನು, ದೇವದೂತನೊಬ್ಬನು ರಾತ್ರಿ ನನ್ನ ಬಳಿ ನಿಂತು ನೀನು ಕೈಸರನ ಮುಂದೆ ನಿಲ್ಲಬೇಕು, ನಿನ್ನ ಸಂಗಡ ಪ್ರಯಾಣಮಾಡುವವರ ಪ್ರಾಣಗಳನ್ನೆಲ್ಲ ದೇವರು ನಿನಗೆ ಕೊಟ್ಟಿದ್ದಾನೆ ಎಂದನು ಎನ್ನುತ್ತಾನೆ. ಹಡಗಂತೂ ಹೋಗುತ್ತದೆ, ಪ್ರಾಣಗಳು ಉಳಿಯುತ್ತವೆ.

ಇಷ್ಟು ಖಚಿತವಾದ ಮಾತು ಸಿಕ್ಕಿದ ಮೇಲೆ ಪೌಲನು ಕೈಕಟ್ಟಿ ಕೂರಬಹುದಾಗಿತ್ತಲ್ಲವೇ? ನಾವಿಕರು ಲಂಗರು ಹಾಕುವ ನೆಪದಲ್ಲಿ ದೋಣಿಯನ್ನು ಇಳಿಸಿ ಪರಾರಿಯಾಗಲು ನೋಡಿದಾಗ, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕುವುದಿಲ್ಲ ಎಂದು ಶತಾಧಿಪತಿಗೆ ಎಚ್ಚರಿಸಿದವನೂ ಅವನೇ. ಹದಿನಾಲ್ಕು ದಿನಗಳಿಂದ ಸರಿಯಾಗಿ ಊಟಮಾಡದಿದ್ದ ಜನಕ್ಕೆ ತಿನ್ನಿರಿ ಎಂದು ಹೇಳಿ, ಎಲ್ಲರೆದುರು ರೊಟ್ಟಿ ತೆಗೆದು ದೇವರಿಗೆ ಸ್ತೋತ್ರ ಹೇಳಿ ಮುರಿದು ತಿಂದವನೂ ಅವನೇ. ಈಜಲು ಬಲ್ಲವರು ಮೊದಲು ಹಾರಿದರು, ಉಳಿದವರು ಹಲಗೆಗಳನ್ನೂ ಹಡಗಿನ ತುಂಡುಗಳನ್ನೂ ಹಿಡಿದುಕೊಂಡು ದಡ ಸೇರಿದರು. ಒಟ್ಟು 276 ಮಂದಿ, ಒಬ್ಬರೂ ಸಾಯಲಿಲ್ಲ. ದೇವದೂತನ ವಾಗ್ದಾನ ನೆರವೇರಿದ್ದು ಒದ್ದೆ ಹಲಗೆಗಳ ಮೇಲೆ.

ಇಷ್ಟು ಹೇಳಿದ ಮೇಲೂ ಯಾಕೋಬನ ಪ್ರಶ್ನೆ ಹಾಗೆಯೇ ನಿಂತಿದೆ, ಅದನ್ನು ತಪ್ಪಿಸಿಕೊಂಡು ಹೋಗುವ ಇಚ್ಛೆ ನನಗಿಲ್ಲ. ಪೇತ್ರನಿಗೆ ದೂತ ಬಂದ, ಯಾಕೋಬನಿಗೆ ಕತ್ತಿ ಬಂತು. ಪೇತ್ರನ ಬಿಡುಗಡೆಗೂ ಬೆಲೆ ತೆತ್ತವರಿದ್ದಾರೆ: ಮರುದಿನ ಹೆರೋದನು ಆ ಕಾವಲುಗಾರರನ್ನು ವಿಚಾರಿಸಿ ಮರಣದಂಡನೆಗೆ ಒಪ್ಪಿಸಿದನು ಎಂಬುದನ್ನು ಲೂಕನು ಮುಚ್ಚಿಡುವುದಿಲ್ಲ. ಯಾಕೋಬನಲ್ಲಿ ವಿಶ್ವಾಸ ಕಡಿಮೆಯಿತ್ತು ಎಂಬ ಉತ್ತರ ಕೆಲವರ ಬಾಯಲ್ಲಿ ಸಿದ್ಧವಾಗಿರುತ್ತದೆ. ಅದಕ್ಕೆ ಆ ಅಧ್ಯಾಯದಲ್ಲಿ ಎಳ್ಳಷ್ಟೂ ಆಧಾರವಿಲ್ಲ. ವಿಶ್ವಾಸದ ಅಳತೆ ಎಂದರೆ, ಪೇತ್ರನಿಗಾಗಿ ಪ್ರಾರ್ಥಿಸಿದವರು ಅವನು ಬಂದಾಗ ನಂಬಲೇ ಇಲ್ಲವಲ್ಲ!

ಸತ್ಯವೇದ ಈ ಎರಡು ಬಗೆಯ ಅಂತ್ಯಗಳನ್ನು ಬೇಕೆಂದೇ ಪಕ್ಕಪಕ್ಕದಲ್ಲಿ ಇಡುತ್ತದೆ. ಇಬ್ರಿಯರಿಗೆ ಬರೆದ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ವಿಶ್ವಾಸದಿಂದಲೇ ಕೆಲವರು ಸಿಂಹಗಳ ಬಾಯಿ ಕಟ್ಟಿದರು, ಕತ್ತಿಯ ಬಾಯಿಂದ ತಪ್ಪಿಸಿಕೊಂಡರು. ಕೆಲವೇ ವಾಕ್ಯಗಳಾದ ಮೇಲೆ ಅದೇ ವಿಶ್ವಾಸದಿಂದ ಬೇರೆ ಕೆಲವರು ಗರಗಸದಿಂದ ಕೊಯ್ಯಲ್ಪಟ್ಟರು, ಕತ್ತಿಯಿಂದ ಹತರಾದರು. ದಾನಿಯೇಲನ ಪುಸ್ತಕದಲ್ಲಿ ಉರಿಯುವ ಕುಲುಮೆಯ ಎದುರು ನಿಂತ ಮೂವರು ಯುವಕರು ಅರಸನಿಗೆ ಹೇಳುವ ಮಾತು ಇನ್ನೂ ಸ್ಪಷ್ಟ: ನಾವು ಸೇವಿಸುವ ದೇವರು ನಮ್ಮನ್ನು ಬಿಡಿಸಬಲ್ಲನು, ಬಿಡಿಸದೆ ಹೋದರೂ ನಾವು ನಿನ್ನ ಬಂಗಾರದ ಪ್ರತಿಮೆಗೆ ಅಡ್ಡಬೀಳುವುದಿಲ್ಲ. ಬೆಂಕಿಯಲ್ಲಿ ನಾಲ್ಕನೆಯವನೊಬ್ಬ ನಡೆದಾಡಿದ್ದು ಆಮೇಲಿನ ಮಾತು. ಬಿಡಿಸದೆ ಹೋದರೂ ಎಂದು ಅವರು ಹೇಳುವಾಗ ಅವನಿನ್ನೂ ಕಾಣಿಸಿರಲಿಲ್ಲ.

ಲೂಕನ ಸುವಾರ್ತೆಯ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರಿಗೆ, ನಿಮ್ಮಲ್ಲಿ ಕೆಲವರನ್ನು ಕೊಲ್ಲಿಸುವರು ಎನ್ನುತ್ತಾರೆ. ಒಂದು ವಾಕ್ಯ ಬಿಟ್ಟು, ಆದರೂ ನಿಮ್ಮ ತಲೆಯ ಒಂದು ಕೂದಲಾದರೂ ನಾಶವಾಗುವುದಿಲ್ಲ ಎನ್ನುತ್ತಾರೆ. ಕೊಲ್ಲಲ್ಪಟ್ಟವನ ಕೂದಲೂ ಕೊಂಕಿಲ್ಲವೆಂದರೆ ಏನರ್ಥ? ಕ್ರೈಸ್ತ ವಿಶ್ವಾಸದಲ್ಲಿ ರಕ್ಷಣೆಯ ಅಳತೆಗೋಲು ಶರೀರಕ್ಕೆ ಗಾಯವಾಗದಿರುವುದು ಎಂದಾಗಿದ್ದರೆ ಶಿಲುಬೆಯನ್ನು ವಿವರಿಸಲು ಸಾಧ್ಯವೇ ಇರಲಿಲ್ಲ. ಪೌಲನ ಎರಡನೆಯ ತಿಮೊಥೆಯ ಪತ್ರದ ಕೊನೆಯಲ್ಲಿ ಇದಕ್ಕೆ ಉತ್ತರದ ಹೊಳಹು ಸಿಗುತ್ತದೆ. ನಾನು ಹೊರಟುಹೋಗಬೇಕಾದ ಸಮಯ ಸಮೀಪವಾಗಿದೆ ಎಂದು ಬರೆದವನು, ಅದೇ ಅಧ್ಯಾಯದಲ್ಲಿ, ಕರ್ತನು ನನ್ನನ್ನು ಎಲ್ಲ ದುಷ್ಕೃತ್ಯಗಳಿಂದ ತಪ್ಪಿಸಿ ತನ್ನ ಪರಲೋಕರಾಜ್ಯಕ್ಕೆ ಸುರಕ್ಷಿತವಾಗಿ ಸೇರಿಸುವನು ಎಂದೂ ಬರೆಯುತ್ತಾನೆ. ಸಾವು ಎದುರಿಗಿದೆ ಎಂದು ತಿಳಿದವನು ಸುರಕ್ಷಿತವಾಗಿ ಎಂದು ಬರೆಯಬೇಕಾದರೆ, ಅವನ ಮನಸ್ಸಿನಲ್ಲಿದ್ದದ್ದು ತಲುಪುವ ಸ್ಥಳ. ದಾರಿಯಲ್ಲಿ ಏನಾಗುತ್ತದೆ ಎಂಬುದನ್ನು ಅವನು ಬೇರೆಯಾಗಿಯೇ ಲೆಕ್ಕ ಹಾಕಿದ್ದ. ಯೇಸು ಹೇಳಿದ ಸಾಮ್ಯದಲ್ಲಿ ಭಿಕ್ಷುಕ ಲಾಜರನ ಹುಣ್ಣುಗಳನ್ನು ಯಾವ ದೂತನೂ ಬಂದು ವಾಸಿಮಾಡುವುದಿಲ್ಲ. ಅವನು ಸತ್ತಾಗ ದೂತರು ಬಂದು ಅಬ್ರಹಾಮನ ಎದೆಗೆ ಅವನನ್ನು ಹೊತ್ತುಕೊಂಡು ಹೋಗುತ್ತಾರೆ.

ಯಾಕೋಬನ ಬಗ್ಗೆ ಒಂದು ಪ್ರಾಚೀನ ಸಂಪ್ರದಾಯವಿದೆ. ಅಲೆಕ್ಸಾಂಡ್ರಿಯದ ಕ್ಲೆಮೆಂಟರು ಹೇಳಿದ್ದನ್ನು ನಾಲ್ಕನೆಯ ಶತಮಾನದ ಇತಿಹಾಸಕಾರ ಯೂಸೆಬಿಯಸರು ದಾಖಲಿಸಿದ್ದಾರೆ. ಯಾಕೋಬನನ್ನು ನ್ಯಾಯಸ್ಥಾನಕ್ಕೆ ಎಳೆತಂದವನು ಅವನ ಸಾಕ್ಷಿಯನ್ನು ಕಂಡು ಮನಕರಗಿ, ನಾನೂ ಕ್ರೈಸ್ತನೇ ಎಂದು ಒಪ್ಪಿಕೊಂಡನಂತೆ. ಇಬ್ಬರನ್ನೂ ವಧೆಗೆ ಒಯ್ಯುವಾಗ ದಾರಿಯಲ್ಲಿ ಅವನು ಕ್ಷಮೆ ಬೇಡಿದನು. ಯಾಕೋಬನು ಕ್ಷಣಕಾಲ ಯೋಚಿಸಿ, ನಿನಗೆ ಸಮಾಧಾನವಾಗಲಿ ಎಂದು ಹೇಳಿ ಅವನಿಗೆ ಮುತ್ತಿಟ್ಟನು. ಇಬ್ಬರ ಶಿರಚ್ಛೇದವೂ ಒಟ್ಟಿಗೆ ಆಯಿತು. ಇದು ಸತ್ಯವೇದದ ಮಾತಲ್ಲ, ಸಂಪ್ರದಾಯದ್ದು. ಆದರೆ ಯಾಕೋಬ ಒಂದು ಕ್ಷಣ ಯೋಚಿಸಿದ ಎಂಬ ಆ ಚಿಕ್ಕ ವಿವರದಿಂದಾಗಿ ನನಗೆ ಈ ಕಥೆ ಪ್ರಿಯ.

ಈ ಹಿನ್ನೆಲೆಯಲ್ಲಿ ನಮ್ಮ ಸಾಕ್ಷಿಹೇಳುವ ರೂಢಿಯ ಬಗ್ಗೆ ಒಂದು ಮಾತು. ಅಪಘಾತದಿಂದ ಪಾರಾದವರು ಸಭೆಯ ಮುಂದೆ ಎದ್ದು ನಿಂತು, ದೇವದೂತರು ನನ್ನನ್ನು ಎತ್ತಿಕೊಂಡರು ಎಂದು ಕೃತಜ್ಞತೆ ಹೇಳುತ್ತಾರೆ. ಹೇಳಲಿ, ಹೇಳಬೇಕು. ಆದರೆ ಅದೇ ಬೆಂಚಿನ ತುದಿಯಲ್ಲಿ ಅಂಥದೇ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಕುಳಿತಿರಬಹುದು. ನಾನು ಪ್ರಾರ್ಥಿಸಿ ಹೊರಟಿದ್ದೆ, ಅದಕ್ಕೇ ಉಳಿದೆ ಎಂಬ ಒಂದು ಅಧಿಕ ವಾಕ್ಯ ಆ ತಾಯಿಗೆ ಏನು ಹೇಳುತ್ತದೆ ಎಂದು ಯೋಚಿಸಿ. ಕೃತಜ್ಞತೆಗೆ ಕಾರಣ ಜೋಡಿಸುವ ಅಗತ್ಯವಿಲ್ಲ. ನಾನು ಉಳಿದೆ, ದೇವರಿಗೆ ಸ್ತೋತ್ರ, ಇಷ್ಟು ಸಾಕು. ಕಾರಣವನ್ನು ಲೂಕನೇ ಬರೆದಿಲ್ಲ.

ಹಾಗೆಂದು ಈ ನಂಬಿಕೆಯನ್ನು ಮಕ್ಕಳ ಕೋಣೆಗೆ ಬಿಟ್ಟು ಬಂದರಾಯಿತು ಎನ್ನುವವರನ್ನೂ ನಾನು ಒಪ್ಪುವುದಿಲ್ಲ. ಜರ್ಮನಿಯ ದೇವಶಾಸ್ತ್ರಜ್ಞ ಡೀಟ್ರಿಕ್ ಬಾನ್ಹೋಫರರು ಹಿಟ್ಲರನ ಆಡಳಿತವನ್ನು ವಿರೋಧಿಸಿ ಸೆರೆಯಾದವರು. ಬರ್ಲಿನ್ನಿನಲ್ಲಿದ್ದ ಗೆಸ್ಟಾಪೊ ಎಂಬ ರಹಸ್ಯ ಪೊಲೀಸರ ಸೆರೆಮನೆಯಿಂದ 1944ರ ಡಿಸೆಂಬರ್ 19ರಂದು ತಮ್ಮ ಭಾವೀಪತ್ನಿಗೆ ಬರೆದ ಪತ್ರದಲ್ಲಿ, ಮಲಗುವಾಗ ತಮ್ಮನ್ನು ದೂತರು ಹೊದಿಸುತ್ತಾರೆ, ದೂತರು ಎಬ್ಬಿಸುತ್ತಾರೆ ಎಂದು ಮಕ್ಕಳು ಹಾಡುವ ಹಳೆಯ ಹಾಡನ್ನು ಅವರು ನೆನೆಯುತ್ತಾರೆ. ಕಾಣದ ಒಳ್ಳೆಯ ಶಕ್ತಿಗಳ ಈ ಕಾವಲು ಇಂದು ದೊಡ್ಡವರಾದ ನಮಗೂ ಮಕ್ಕಳಿಗೆ ಬೇಕಾದಷ್ಟೇ ಬೇಕು ಎಂದು ಬರೆಯುತ್ತಾರೆ. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯೂರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಹೊರಬರುವ ಬಾಗಿಲು ತೆರೆದೀತೆಂಬ ಖಾತ್ರಿಯಿಲ್ಲದೆ, ಬಾಂಬುಗಳು ಬೀಳುತ್ತಿದ್ದ ನಗರದ ನೆಲಮಾಳಿಗೆಯಲ್ಲಿ ಕುಳಿತು ಅವರು ಈ ಮಾತು ಬರೆದದ್ದು. ಆದ್ದರಿಂದ ಇದನ್ನು ಸುಖವಾಗಿದ್ದವರ ಮಾತೆಂದು ತಳ್ಳಿಹಾಕುವಂತಿಲ್ಲ.

ಇನ್ನು ಉಳಿದಿರುವುದು ಪ್ರಾರ್ಥನೆಯ ಪ್ರಶ್ನೆ. ದೂತರಿಗೆ ಆರಾಧನೆ ಸಲ್ಲದು ಎಂಬುದರಲ್ಲಿ ಯಾವ ಸಭೆಗೂ ಭಿನ್ನಾಭಿಪ್ರಾಯವಿಲ್ಲ. ಪ್ರಕಟನೆ ಪುಸ್ತಕದಲ್ಲಿ ಯೋಹಾನನು ಎರಡು ಸಲ ದೂತನ ಪಾದಕ್ಕೆ ಬೀಳುತ್ತಾನೆ, ಎರಡು ಸಲವೂ ದೂತನು ತಡೆದು, ಬೇಡ, ನಾನೂ ನಿನ್ನಂಥ ದಾಸನೇ, ದೇವರನ್ನು ಆರಾಧಿಸು ಎನ್ನುತ್ತಾನೆ. ಆದರೆ ಕಾವಲು ದೂತನನ್ನು ನೇರವಾಗಿ ಕರೆದು, ನನ್ನನ್ನು ಕಾಯಿ, ನಡೆಸು ಎಂದು ಕೇಳುವ ಪ್ರಾರ್ಥನೆ ಕಥೋಲಿಕರಲ್ಲಿಯೂ ಆರ್ಥಡಾಕ್ಸರಲ್ಲಿಯೂ ಇದೆ. ಸಹಯಾತ್ರಿಯೊಬ್ಬನ ನೆರವು ಕೇಳುವಂತೆ ಅದು ಎಂಬುದು ಅವರ ವಿವರಣೆ. ಪ್ರೊಟೆಸ್ಟಂಟರು ಸಾಮಾನ್ಯವಾಗಿ ದೇವರನ್ನೇ ಕೇಳುತ್ತಾರೆ. ಇದು ನಿಜವಾದ ಭೇದ, ಅದನ್ನು ಮಾತಿನಲ್ಲಿ ತೇಲಿಸಿಬಿಡಬೇಕಾಗಿಲ್ಲ. ನಿಮ್ಮ ನಿಮ್ಮ ಸಭೆಯಲ್ಲಿ ಕಲಿತಂತೆ ಪ್ರಾರ್ಥಿಸಿ. ಎರಡೂ ಕಡೆಯವರು ತಮ್ಮ ಮಕ್ಕಳಿಗೆ ಪ್ರಾರ್ಥನೆಯ ಜೊತೆಗೆ ಯಾಕೋಬನ ಮರಣವನ್ನು ಹೇಳುವ ಆ ಒಂದು ವಾಕ್ಯವನ್ನೂ, ಆ ಮೂವರು ಯುವಕರ ಉತ್ತರವನ್ನೂ ಕಲಿಸುವುದು ಒಳ್ಳೆಯದು. ಇಲ್ಲವಾದರೆ ಮೊದಲ ದೊಡ್ಡ ದುಃಖ ಬಂದಾಗ ದೂತನೂ ಹೋಗುತ್ತಾನೆ, ಅವನ ಹಿಂದೆ ದೇವರೂ ಹೋಗುತ್ತಾನೆ.

ಮನೆಯಲ್ಲಿ ಬಳಸಲು ಚಿಕ್ಕದೊಂದು ಪ್ರಾರ್ಥನೆ ಬೇಕೆನ್ನುವವರಿಗೆ ಮಾರ್ಟಿನ್ ಲೂಥರರು 1529ರ ಕಿರು ಧರ್ಮೋಪದೇಶದಲ್ಲಿ ಸೇರಿಸಿದ ಬೆಳಗಿನ ಮತ್ತು ಸಂಜೆಯ ಪ್ರಾರ್ಥನೆಗಳಿವೆ. ಎರಡೂ ಮುಗಿಯುವುದು ಒಂದೇ ಬೇಡಿಕೆಯಲ್ಲಿ: ನಿನ್ನ ಪರಿಶುದ್ಧ ದೂತನು ನನ್ನ ಸಂಗಡ ಇರಲಿ, ವೈರಿಗೆ ನನ್ನ ಮೇಲೆ ಅಧಿಕಾರ ಸಿಗದಿರಲಿ. ಪ್ರಾರ್ಥನೆಯಾದ ಮೇಲೆ ಏನು ಮಾಡಬೇಕೆಂಬುದನ್ನೂ ಲೂಥರರು ಬರೆದಿಟ್ಟಿದ್ದಾರೆ. ಸಂಜೆಯಾದರೆ ತಡಮಾಡದೆ ಸಂತೋಷದಿಂದ ಮಲಗಿಬಿಡು. ಬೆಳಗಾದರೆ ಒಂದು ಹಾಡು ಹೇಳಿಕೊಂಡು ನಿನ್ನ ಕೆಲಸಕ್ಕೆ ಹೋಗು.